ಅಕ್ಕನಿಗೆ ಕೊಟ್ಟ ಎಡಗೈ

ತಪ್ಪು ನನ್ನದು. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ, ಮುಂದೆ ನಾನು ಮನೆಮಂದಿಯನ್ನೆಲ್ಲ ಆಡಿಕೊಳ್ಳುವಾಗ ನಿಮಗೆ ಅಷ್ಟು ಸಿಟ್ಟು ಬರಲಿಕ್ಕಿಲ್ಲ ಎಂಬ ಆಸೆ. ಮೂರನೇ ಇಯತ್ತೆಯಿಂದ ಉಗುರು ಕಡಿಯುತ್ತ ಬಂದ ನಾನು, ಇಪ್ಪತ್ತಾರನೇ ವಯಸ್ಸಿನಲ್ಲಿ, ನನ್ನ ಎಡಗೈಯನ್ನು ನೇಲ್ ಪಾಲಿಶ್ ಪರೀಕ್ಷೆಗೆ ಒಪ್ಪಿಸಿದೆ. "ಕಡಿಯೂದು ಖರೇನ ಬಿಟ್ಟೀಯೇನು?" ಎಂದು ಅಕ್ಕ ಕೇಳಿದಳು. "ಬಿಟ್ಟು ಮೂರು ತಿಂಗಳಾತು" ಎಂದೆ. ಸುಳ್ಳಲ್ಲ. ಹೇಳುವ ಹೊತ್ತಿಗೆ ಅದು ಪೂರ್ತಿ ನಿಜವಾಗಿತ್ತು.

ಒಪ್ಪಿದ್ದಾದರೂ ಏಕೆ ಎಂದರೆ ಹೊಗಳಿಕೆಗೆ ಸೋತು. "ನಿನ್ನ ಬೆರಳು ಭಾಳ ಉದ್ದ ಅವ ಪಮ್ಯಾ, ಹುಡುಗೇರಿಗೂ ಇಂಥಾವು ಇರೂದಿಲ್ಲ" ಅಂದಳು. ಅಲ್ಲಿಯವರೆಗೆ ನನ್ನ ದೇಹದ ಯಾವ ಭಾಗವನ್ನೂ ಯಾರೂ ಹೊಗಳಿರಲಿಲ್ಲ. ಪುಣೆಯ ನಮ್ಮ ಕಡೆಯ ಮಂದಿ ಎಲ್ಲಿ ಕೂಡಿದರೂ, ಕೂಸಿಗೆ ಹೆಸರಿಡುವ ಬಾರಸೆಯಿರಲಿ, ಸತ್ಯನಾರಾಯಣ ಪೂಜೆಯಿರಲಿ, ಮೈಕು ಕಂಡರೆ ನಾನು ಎದ್ದು ನಿಂತು ಅವರಿವರ ದನಿ ತೆಗೆಯುತ್ತೇನೆ. ಆಗ ಗಂಟಲಿಗೆ ಒಂದಿಷ್ಟು ಚಪ್ಪಾಳೆ ಸಿಗುತ್ತದೆ, ಅದೂ ಬೇರೆಯವರ ಗಂಟಲಿನ ಹೆಸರಿನಲ್ಲಿ. ಬೆರಳಿಗೆ ಮಾನ ಬಂದದ್ದು ಇದೇ ಮೊದಲು. ತಡಮಾಡದೆ ಐದನ್ನೂ ಮೇಜಿನ ಮೇಲಿಟ್ಟೆ.

ಮೇಜು ಶೈಲಕ್ಕನದು. ದಂತವೈದ್ಯರೊಬ್ಬರ ಬಾಗಿಲಲ್ಲಿ ಹೆಸರು ಬರೆದುಕೊಳ್ಳುವ ನೌಕರಿ ಬಿಟ್ಟು, ಉಗುರು ಸಿಂಗರಿಸುವ ಕೋರ್ಸು ಮಾಡಿ, ಪುಣೆಯ ಖಡಕಿಯಲ್ಲಿರುವ ನಮ್ಮ ಮನೆಯ ಪಡಸಾಲೆಯ ಕಿಟಕಿಯ ಪಕ್ಕ ಅದನ್ನು ಹಾಕಿಕೊಂಡಿದ್ದಾಳೆ. ಬಂಧುಗಳು ಮೂಗು ಮುರಿದರು. ಅಪ್ಪನೊಬ್ಬರಿಗೆ ಮಾತ್ರ ಹಿಡಿಸಲಾರದ ಹೆಮ್ಮೆ. ಏಕೆಂದರೆ ಅಪ್ಪ ಕಾರ್ಖಾನೆಯೊಂದರ ಬಣ್ಣದ ವಿಭಾಗದಲ್ಲಿ ಮೂವತ್ತು ವರ್ಷ ತಪಾಸಣೆ ಮಾಡಿ ನಿವೃತ್ತರಾದವರು. ಕಬ್ಬಿಣದ ಪೆಟ್ಟಿಗೆಗೆ ಬಳಿದ ಬಣ್ಣ ನಿಲ್ಲುತ್ತದೋ ಏಳುತ್ತದೋ ಎಂದು ಕೆರೆದು ನೋಡಿ 'ಪಾಸ್' ಇಲ್ಲವೇ 'ರಿಜೆಕ್ಟ್' ಎಂದು ಬರೆಯುವುದು ಅವರ ಕೆಲಸವಾಗಿತ್ತು. "ಮ್ಯಾಲೆ ಎಣ್ಣಿ ಇರಬಾರ್ದು, ಧೂಳ ಇರಬಾರ್ದು, ತೆಳ್ಳಗ ಹಚ್ಚಬೇಕು. ಅದು ಪೆಟ್ಟಿಗಿ ಇರ್ಲಿ, ಕಿರುಬೆರಳಿರ್ಲಿ" ಎಂದು ಅವರು ಗಂಭೀರವಾಗಿ ಉಪದೇಶಿಸಿದರೆ, ಅಕ್ಕ ಅಷ್ಟೇ ಗಂಭೀರವಾಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ನಾನು ಅದನ್ನು ಮುಂದಿನ ಬಾರಸೆಗೆ ಬಾಯಿಪಾಠ ಮಾಡಿಕೊಳ್ಳುತ್ತೇನೆ.

ಪರೀಕ್ಷೆ ಬೇಕಾದದ್ದು ಸ್ಮಿತಾ ಎಂಬ ಮದುಮಗಳಿಗಾಗಿ. ಅಕ್ಕನಿಗೆ ಸಿಕ್ಕ ಮೊದಲ ಮದುಮಗಳು. ಬೆಳಗಾವಿ ಕಡೆಯ ಮನೆತನ, ಪುಣೆಯ ಆಸ್ಪತ್ರೆಯಲ್ಲಿ ನರ್ಸ್, ಗಂಡನ ಮನೆ ದೌಂಡ. ಅವಳ ಷರತ್ತು ಎರಡೇ. ಅರಿಶಿನ, ಮದುವೆ, ಅತ್ತೆಮನೆಯ ಪೂಜೆಗಳೆಂದು ಹತ್ತು ದಿನ ಉಗುರಿನ ಬಣ್ಣ ಒಂದು ಚೂರೂ ಏಳಕೂಡದು. ಹನ್ನೊಂದನೆಯ ದಿನ ಡ್ಯೂಟಿಗೆ ಹೋಗುವಾಗ ಉಗುರು ಬೋಳಾಗಿರಬೇಕು, ಅದನ್ನು ಅವಳೇ ದೌಂಡದಲ್ಲಿ ಕೂತು ತೆಗೆಯುವಂತಿರಬೇಕು. ಅವಳ ವಾರ್ಡಿನ ಇನ್ನೂ ಆರು ಹುಡುಗಿಯರು ಮದುವೆಯ ಸಾಲಿನಲ್ಲಿದ್ದು, "ಸ್ಮಿತಾನ್ನ ನೋಡಿ ಹೇಳ್ತೀವಿ" ಎಂದಿದ್ದರು. ಅಕ್ಕನ ಮೇಜು ಕಿಟಕಿಯ ಪಕ್ಕ ಉಳಿಯುತ್ತದೋ, ಅವಳು ಮತ್ತೆ ದಂತವೈದ್ಯರ ಬಾಗಿಲಿಗೆ ಹೋಗುತ್ತಾಳೋ ಎಂಬುದು ಆ ಹತ್ತು ಉಗುರುಗಳ ಮೇಲಿತ್ತು.

ನಮ್ಮ ಹಳೆಯ ಕಾವ್ಯಗಳಲ್ಲಿ ವರ್ಣನೆ ಹೊರಟರೆ ನಖಶಿಖಾಂತ ಹೊರಡುತ್ತದೆ. ಅಂದರೆ ಮೊದಲ ಮರ್ಯಾದೆ ಉಗುರಿಗೆ, ಕೂದಲಿನ ಪಾಳಿ ಕೊನೆಗೆ. ದೇವರ ಕಾಲಿನ ಹತ್ತು ಉಗುರುಗಳನ್ನು ಹತ್ತು ಚಂದ್ರರೆಂದು ಬಣ್ಣಿಸಿ ಕೈಮುಗಿದ ಕವಿಗಳಿದ್ದಾರೆ. ಆದರೆ ಆ ಚಂದ್ರರ ಮೇಲೆ ಯಾವ ಜೆಲ್ ಹಚ್ಚಬೇಕೆಂದು ಒಬ್ಬ ಕವಿಯೂ ಹೇಳಿಲ್ಲ. ಆ ಕೊರತೆಯನ್ನು ತುಂಬಿದವಳು ಶೈಲಕ್ಕ.

ಜೆಲ್ ಎಂದರೆ ಹಚ್ಚಿ, ಉಫ್ ಎಂದು ಊದಿ ಒಣಗಿಸುವ ಹಳೆಯ ನೇಲ್ ಪಾಲಿಶ್ ಅಲ್ಲ. ಹಚ್ಚಿದ ಮೇಲೆ ದೀಪವಿರುವ ಪುಟ್ಟ ಗೂಡಿನಲ್ಲಿ ಕೈ ಇಡಬೇಕು. ಲೋಣಾವಳಾದ ಘಾಟಿನಲ್ಲಿ ರೈಲು ಸುರಂಗಕ್ಕೆ ನುಗ್ಗುವಂತೆ ಐದು ಬೆರಳು ನುಗ್ಗುತ್ತವೆ, ಒಂದು ನಿಮಿಷ ಬಿಟ್ಟು ಗಟ್ಟಿಯಾಗಿ ಹೊರಬರುತ್ತವೆ. ನನ್ನ ಹೆಬ್ಬೆರಳಿಗೆ ಬಂದದ್ದು ಹಾರ್ಡ್ ಜೆಲ್. ಇದು ಸದಾಶಿವ ಪೇಠೆಯ ಹಳೆಯ ವಾಡೆಯ ಬಾಡಿಗೆದಾರನಿದ್ದಂತೆ. ಒಮ್ಮೆ ಬಂದು ಕೂತಿತೋ, ಯಾವ ದ್ರಾವಣಕ್ಕೂ ಜಗ್ಗುವುದಿಲ್ಲ, ಉಜ್ಜಿ ಉಜ್ಜಿ ಪುಡಿ ಮಾಡಿಯೇ ಎಬ್ಬಿಸಬೇಕು. ತೋರುಬೆರಳಿಗೆ ಬಿಲ್ಡರ್ ಜೆಲ್. ದಪ್ಪಗೆ ಕೂತು ಉಗುರಿಗೆ ಬಲ ಕೊಡುತ್ತದಂತೆ. ದೀಪದ ಕೆಳಗೆ ಚುರ್ರೆಂದು ಸುಟ್ಟಿದ್ದು ಅದೊಂದೇ. ಕೈ ಎಳೆದುಕೊಂಡೆ. "ಗಿರಾಕಿ ಹಿಂಗ ಕೈ ಎಳಕೊಂಡ್ರ ನಡೀತದೇನು? ಇಡು" ಎಂದು ಅಕ್ಕ ಮತ್ತೆ ಗೂಡಿಗೆ ತಳ್ಳಿದಳು.

ನಡುಬೆರಳಿಗೆ ಸಾಫ್ಟ್ ಜೆಲ್ ಬಂತು. ಇದು ಒಳ್ಳೆಯ ಅಳಿಯ. ಇರುವಷ್ಟು ದಿನ ಹೊಳೆಯುತ್ತಾನೆ, ಅಸಿಟೋನಿನಲ್ಲಿ ಅದ್ದಿದ ಹತ್ತಿ ಇಟ್ಟು ಬೆಳ್ಳಿಹಾಳೆ ಸುತ್ತಿದರೆ ಹದಿನೈದು ನಿಮಿಷದಲ್ಲಿ ಮೆತ್ತಗಾಗಿ ಹೊರಟುಹೋಗುತ್ತಾನೆ. ಉಂಗುರದ ಬೆರಳಿಗೂ ಅದೇ ಜಾತಿ, ಆದರೆ ಒಳಗೆ ಲೋಹದ ನುಣ್ಣನೆ ಪುಡಿ. ಕ್ಯಾಟ್ ಐ ಎನ್ನುತ್ತಾರೆ. ಅಕ್ಕ ಅಯಸ್ಕಾಂತ ಹಿಡಿದ ಕಡೆಗೆಲ್ಲ ಒಳಗಿನ ಮಿಂಚು ಓಡುತ್ತದೆ, ನಮ್ಮ ಸಮಾರಂಭಗಳಲ್ಲಿ ಹಿರಿಯರು ಫೋಟೊದವನ ಹಿಂದೆ ಓಡಿದಂತೆ. ಕಿರುಬೆರಳಿಗೆ ಸಿಪ್ಪೆಯಂತೆ ಸುಲಿದು ತೆಗೆಯುವ ಜೆಲ್. ಅದು ಎರಡನೆಯ ದಿನ ಚಹಾದ ಕಪ್ಪು ತೊಳೆಯುವಾಗಲೇ ಕಪ್ಪಿನೊಳಗೆ ಬಿತ್ತು. ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ "ಕಿರುಬೆರಳು ಹೋಯಿತು" ಎಂದು ಬರೆದಳು. ಅದನ್ನು ಓದಿದ ಹಾಲಿನವನು ನನ್ನನ್ನು ಬಹಳ ಮರುಕದಿಂದ ನೋಡಿದ.

ಆಫೀಸಿನಲ್ಲಿ ಎಡಗೈಯನ್ನು ಫೈಲಿನ ಕೆಳಗೆ ಇಟ್ಟುಕೊಂಡೇ ದುಡಿದೆ. ಆದರೂ ಪಕ್ಕದ ಮೇಜಿನವನು ಕಂಡುಹಿಡಿದು, "ಕಾಯ್ ರೇ, ಲಗ್ನ ಕೋಣಾಚಂ? ತುಝಂ?" ಎಂದ. ಮದುವೆ ನನ್ನದಲ್ಲ, ಗಿರಾಕಿಯದು ಎಂದು ತಿಳಿಸುವಷ್ಟರಲ್ಲಿ ಇಡೀ ಮಹಡಿಗೆ ಸುದ್ದಿ ಹೋಗಿತ್ತು. ಊರನ್ನೆಲ್ಲ ಅಣಕಿಸುವವನಿಗೆ ಅಣಕಿಸಿಕೊಳ್ಳುವ ರೂಢಿ ಇರುವುದಿಲ್ಲ. ಆ ನಾಚಿಕೆಯೇ ನನ್ನನ್ನು ಕೆಡಿಸಿತೋ ಏನೋ.

ಮೂರನೆಯ ದಿನ ಚಿಂಚವಡದಲ್ಲಿ ಒಂದು ಬಾರಸೆ. ನನಗಿಂತ ಮೊದಲು ಒಂದು ಪುಟ್ಟ ಹುಡುಗಿಯ ನೃತ್ಯ, ಅದು ಮುಗಿಯುವ ಲಕ್ಷಣವಿಲ್ಲ. ಪರದೆಯ ಹಿಂದೆ ಎದೆ ಡವಡವ. ಕೈ ತನ್ನಷ್ಟಕ್ಕೆ ಬಾಯಿಗೆ ಹೋಯಿತು. ನಡುಬೆರಳಿನ ಜೆಲ್ಲಿನ ಒಂದು ಮೂಲೆ ಹಲ್ಲಿಗೆ ಸಿಕ್ಕಿತು. ರುಚಿ ಏನೂ ಇಲ್ಲ. ಆದರೆ 'ಕರುಕ್' ಎಂಬ ಆ ಸದ್ದು ಇದೆಯಲ್ಲ, ಬರಿಯ ಉಗುರು ಮೂರು ಜನ್ಮ ಕಡಿದರೂ ಬಾರದು. ನಡುಬೆರಳು ಮುಗಿಸಿ ಉಂಗುರದ ಬೆರಳಿಗೆ ಬಂದೆ. ಹೆಬ್ಬೆರಳು, ತೋರುಬೆರಳುಗಳನ್ನೂ ಬಿಡುತ್ತಿರಲಿಲ್ಲ, ಹಲ್ಲು ಒಪ್ಪಲಿಲ್ಲ. ಆ ದಿನ ಅಪ್ಪನ ದನಿ ಅದ್ಭುತವಾಗಿ ಬಂತೆಂದು ಎಲ್ಲರೂ ಹೇಳಿದರು.

ಮರುದಿನ ಅಕ್ಕ ಕೈ ಹಿಡಿದು ನೋಡಿ, "ಸಾಫ್ಟ್ ಎರಡೂ ಎದ್ದಾವಲ್ಲೋ" ಎಂದಳು. "ಎದ್ದಾವ" ಎಂದೆ. ನೋಡಿ, ಎಷ್ಟು ಸಣ್ಣ ಮಾತು. 'ಎಬ್ಬಿಸೀನಿ' ಎನ್ನಬೇಕಿತ್ತು, ಅನ್ನಲಿಲ್ಲ. ಅವಳು ಕ್ಯಾಲೆಂಡರಿನಲ್ಲಿ ಬರೆದಳು. ನಾನು ತಪ್ಪಿಸಿಕೊಳ್ಳಲು ಅಪ್ಪನ ಕಡೆ ಮಾತು ತಿರುಗಿಸಿದೆ. ಮೇ ತಿಂಗಳ ಧಗೆಯಲ್ಲಿ ಅವರು ಮನೆಯೊಳಗೂ ಕಾಲುಚೀಲ ಹಾಕಿಕೊಂಡು ಓಡಾಡುತ್ತಿದ್ದರು. "ಅಪ್ಪಾ, ಕಾಶ್ಮೀರದಾಗ ಪೋಸ್ಟಿಂಗ್ ಆಗೇದೇನ್ರಿ?" ಎಂದೆ. "ವಯಸ್ಸಾತು, ಕಾಲು ತಣ್ಣಗಾಗ್ತಾವ" ಎಂದು ಅವರು ಪೇಪರಿನ ಹಿಂದೆ ಹೋದರು. ಕಾಲುಚೀಲದಲ್ಲಿ ಅಪ್ಪ ನಡೆಯುವ ರೀತಿ ನನ್ನ ಸಂಗ್ರಹಕ್ಕೆ ಸೇರಿತು.

ಆರನೆಯ ದಿನ ಸಂಜೆ ಸ್ಮಿತಾಳ ಫೋನು ಬಂತು. ಅಕ್ಕನ ಎರಡೂ ಕೈಗೆ ಕೆಲಸವಿದ್ದುದರಿಂದ ದನಿ ಎಲ್ಲರಿಗೂ ಕೇಳುವಂತೆ ಇಟ್ಟಿದ್ದಳು. "ಸಾಫ್ಟ್ ಹಚ್ಚಲಿಕ್ಕೆ ನನಗ ಧೈರ್ಯ ಬರವಲ್ದು, ಹಾರ್ಡ್ ಹಚ್ಚೋಣ್ರಿ" ಎಂದಳು ಅಕ್ಕ.

"ಹಂಗಾದ್ರ ತೆಗೀಲಿಕ್ಕೆ?"

"ಪುಣೆಕ್ಕ ಬರಬೇಕಾಗ್ತದ್ರಿ. ಅದು ಮನ್ಯಾಗ ತೆಗಿಯೂ ಹಂಗಿಲ್ಲ."

"ಇರೂದ ಅಷ್ಟ ರಜಾ. ಅದರಾಗ ಒಂದು ದಿನ ಉಗುರಿನ ಸಲುವಾಗಿ ಗಾಡಿಯೊಳಗ ಹೋದ್ರ... ಇರ್ಲಿ ಬಿಡ್ರಿ ಅಕ್ಕಾರ, ಗೋರಂಟಿ ಒಂದ ಸಾಕು ಅನಸ್ತದ. ನಾಳೆ ಹೇಳ್ತೀನ್ರಿ."

ಅಕ್ಕ ಶೀಶೆಗಳನ್ನು ಒಂದೊಂದಾಗಿ ಡಬ್ಬಿಗೆ ಇಡತೊಡಗಿದಳು. ಸಿಟ್ಟು ಬಂದರೆ ಅವಳು ವಸ್ತು ಎಸೆಯುತ್ತಾಳೆ, ಅದು ನನಗೆ ರೂಢಿ. ಈಗ ಶೀಶೆಗೆ ಶೀಶೆ ತಾಗದಂತೆ ಇಡುತ್ತಿದ್ದಳು. ಅದನ್ನು ನೋಡಲಾಗಲಿಲ್ಲ.

ದನಿ ತೆಗೆಯುವವರದೊಂದು ದೌರ್ಬಲ್ಯವಿದೆ. ಕಷ್ಟದ ನಿಜಗಳು ನಮ್ಮ ಸ್ವಂತ ದನಿಯಲ್ಲಿ ಬರುವುದೇ ಇಲ್ಲ. ಗೋಡೆಯ ಕಡೆ ಮುಖ ಮಾಡಿ, ಎದೆ ಸೆಟೆಸಿ, ಅಪ್ಪನ ತಪಾಸಣೆಯ ದನಿಯಲ್ಲಿ ಹೇಳಿದೆ: "ಸ್ಯಾಂಪಲ್ ನಂಬರ್ ಮೂರು. ಬಣ್ಣ ತಾನಾಗಿ ಎದ್ದಿಲ್ಲ. ಹಲ್ಲಿನ ಗುರ್ತು ಅದ. ರಿಜೆಕ್ಟ್ ಮಾಡೂದು ಬಣ್ಣಾ ಅಲ್ಲ, ಹುಡುಗನ್ನ."

ಅಕ್ಕನ ಕೈ ನಿಂತಿತು. "ನಾಕನೇ ಬೆರಳು?"

"ಅದೂ" ಎಂದೆ. ಇದು ಮಾತ್ರ ನನ್ನದೇ ದನಿ. ಬಹಳ ತೆಳ್ಳಗಿತ್ತು.

ಬಾಲ್ಕನಿಯಿಂದ ಅಪ್ಪ ಒಳಗೆ ಬಂದರು. "ನನ್ನ ದನಿ ಛಲೋ ತಗದಿ. ಆದ್ರ ನಾ ರಿಪೋರ್ಟ್ ಕೊಡ್ಲಿಕ್ಕೆ ಮೂರು ದಿನಾ ತಡಾ ಮಾಡ್ತಿದ್ದಿಲ್ಲ" ಎಂದು ಕುರ್ಚಿಯಲ್ಲಿ ಕೂತು, ಎಡಗಾಲಿನ ಚೀಲ ಕಳಚಿದರು.

ಅರವತ್ತೆರಡು ವರ್ಷದ ಆ ಪಾದದ ತುದಿಯಲ್ಲಿ ಐದು ಉಗುರುಗಳು ಝಗಝಗ ಹೊಳೆಯುತ್ತಿದ್ದವು. ಅದೇ ಕ್ರಮ. ಹೆಬ್ಬೆರಳಿಗೆ ಹಾರ್ಡ್, ಅದರ ಪಕ್ಕ ಬಿಲ್ಡರ್, ನಡುವೆ ಸಾಫ್ಟ್, ಆಮೇಲೆ ಮಿಂಚಿನದು. ಕಿರುಬೆರಳು ಮಾತ್ರ ನನ್ನದರಂತೆ ಬೋಳು. ಕವಿಗಳು ಕೈಮುಗಿದದ್ದು ಏಕೆಂದು ನನಗೆ ಅರ್ಥವಾಯಿತು.

"ಒಂದ ಸ್ಯಾಂಪಲ್ ನೋಡಿ ಯಾರರ ಮಾಲು ಪಾಸ್ ಮಾಡ್ತಾರೇನೋ?" ಎಂದರು ಅಪ್ಪ. "ದಿನಾ ಬೂಟಿನಾಗ ನಾಕು ಕಿಲೋಮೀಟರ್ ತಿಕ್ಯಾಡ್ಯಾವ. ಸಾಫ್ಟ್ ಒಂದು ಎಳಿ ಎದ್ದಿಲ್ಲ."

"ಅದ ನನಗ ತಿಳೀಲಾರದಂಗ ಆಗಿತ್ತು" ಎಂದಳು ಅಕ್ಕ. "ಕಾಲಾಗ ನಿಂತದ್ದು ಕೈಯಾಗ ಯಾಕ ನಿಲ್ಲವಲ್ದು ಅಂತ." ಹಾಗೆನ್ನುತ್ತಲೇ ಫೋನು ಎತ್ತಿಕೊಂಡು, ಸ್ಮಿತಾಳಿಗೆ ಸಾಫ್ಟ್ ಎಂದೇ ಹೇಳಿದಳು.

ಮದುವೆ ಚೆಂದಾಗಿ ಆಯಿತು. ಅರಿಶಿನದ ಕಲೆ ಕಾಣದಿರಲೆಂದು ಅಕ್ಕ ಕಡುಗೆಂಪನ್ನೇ ಆರಿಸಿದ್ದಳು. ಬೀಗರ ಪಂಕ್ತಿಯಲ್ಲಿ ಹೋಳಿಗೆ ಮುರಿಯುವ ಆ ಹತ್ತು ಉಗುರುಗಳನ್ನು ವಾರ್ಡಿನ ಆರು ಹುಡುಗಿಯರೂ ಬಗ್ಗಿ ಬಗ್ಗಿ ನೋಡಿದರು. ಹತ್ತನೆಯ ದಿನ ದೌಂಡದಿಂದ ಫೋಟೊ ಬಂತು. ಹತ್ತೂ ಬೆರಳಿಗೆ ಬೆಳ್ಳಿಹಾಳೆ ಸುತ್ತಿಕೊಂಡು ಸ್ಮಿತಾ ನಗುತ್ತಿದ್ದಳು, ಅವಳ ಪಕ್ಕ ಅವಳ ಅತ್ತೆ ತಮ್ಮ ಕೈಯನ್ನೂ ಮುಂದೆ ಚಾಚಿ ಕೂತಿದ್ದರು. ಬಣ್ಣದ ಆಯ್ಕೆಯಲ್ಲಿ ನಾವೆಲ್ಲ ಕೇಳುವುದು ಎಷ್ಟು ದಿನ ನಿಲ್ಲುತ್ತದೆ ಎಂದು. ಹೋಗು ಎಂದಾಗ ನೋಯಿಸದೆ ಹೋಗುತ್ತದೆಯೇ ಎಂದು ಕೇಳಿದವಳು ಅವಳೊಬ್ಬಳೇ.

ನನ್ನ ಹೆಬ್ಬೆರಳಿನ ಹಾರ್ಡ್ ಜೆಲ್ ಮಾತ್ರ ಹೋಗಲಿಲ್ಲ. ಮೊನ್ನೆ ಭಾನುವಾರ ಅಕ್ಕ ನನ್ನನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಉಜ್ಜಿದಳು. ಪುಡಿ ನನ್ನ ಮೀಸೆಯ ಮೇಲೆ ಕೂತಿತ್ತು. ಕೂತಲ್ಲಿಂದ ಏಳುವಂತಿಲ್ಲ, ಬಾಯಿಗಾದರೂ ಕೆಲಸ ಬೇಕಲ್ಲ ಎಂದು ಕೇಳಿದೆ: "ಅಕ್ಕಾ, ಅಪ್ಪನ ಕಾಲು ಇತ್ತಲ್ಲ. ಮತ್ತ ನನ್ನ ಕೈ ಯಾಕ ಬೇಕಿತ್ತು?"

ಅವಳು ತಲೆ ಎತ್ತಲಿಲ್ಲ, ಉಜ್ಜುವುದನ್ನೂ ನಿಲ್ಲಿಸಲಿಲ್ಲ.

"ಕಡಿಯೋ ಗಿರಾಕಿನೂ ಬರ್ತಾರಲ್ಲೋ. ಅವರು ಬಿಟ್ಟೀನಿ ಅಂದ್ರ ಎಷ್ಟು ದಿನ ನಂಬಬೇಕು ಅನ್ನೂದು ಗೊತ್ತಾಗಬೇಕಿತ್ತು. ಮೂರು ದಿನ."