ಯಂತ್ರಕ್ಕೆ ಬೇಕಾಗಿದ್ದ ನನ್ನ ಹೊಟ್ಟೆ

ಕುಮಟೆಯ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತನಾದ ಮೇಲೆ ನನಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂತು. ಊರಲ್ಲಿ ಯಾರಿಗೂ ಹೇಳಲಿಲ್ಲ. ಬೆನ್ನುನೋವಿಗೆ ಕರೆಂಟ್ ಕೊಡಿಸಿಕೊಳ್ಳಲು ಮಂಗಳೂರಿಗೆ ಹೊರಟಿದ್ದೇನೆ ಎಂದೆ. ರೇಡಿಯೇಶನ್ನಿಗೂ ನಮ್ಮ ಕಡೆ ಕರೆಂಟ್ ಎಂದೇ ಅನ್ನುವುದರಿಂದ ಅದು ಅರ್ಧ ಸುಳ್ಳು ಮಾತ್ರ.

ಡಾಕ್ಟರು ನನ್ನ ಮಗಳ ವಯಸ್ಸಿನವರು. "ಯಾವ ಅಂಗ ಎಲ್ಲಿದೆ ಎಂದು ಸ್ಕ್ಯಾನ್ ಮೇಲೆ ಗೆರೆ ಎಳೆಯುವುದನ್ನು ಈಗ ಎಐ ಮಾಡುತ್ತದೆ ಸರ್. ದಿನಾ ನಿಮ್ಮ ಹೊಟ್ಟೆ ಹೇಗಿದೆಯೋ ನೋಡಿ ಪ್ಲ್ಯಾನನ್ನೂ ಬದಲಿಸುತ್ತದೆ. ನಾವು ಒಪ್ಪಿದ ಮೇಲೆಯೇ ಕಿರಣ."

"ಅದು ತಪ್ಪಿದರೆ?"

"ತಿದ್ದುತ್ತೇವೆ. ನೀವು ಪೇಪರ್ ತಿದ್ದಿಲ್ಲವಾ?"

ತಿದ್ದಿದ್ದೇನೆ. ಭಯವಾದದ್ದು ಅದಕ್ಕೇ.

ಇಷ್ಟೆಲ್ಲ ಬಲ್ಲ ಯಂತ್ರ ನನ್ನಿಂದ ಬಯಸಿದ್ದು ಎರಡೇ. ನೀರು ಕುಡಿದು ಮೂತ್ರ ತಡೆದುಕೊಂಡಿರಬೇಕು. ಹೊಟ್ಟೆಯಲ್ಲಿ ಗ್ಯಾಸ್ ಇರಬಾರದು. ಹೀಗೆ ದಿನಾ ಬೆಳಿಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ ಕಾಲು ಬಿಗಿಹಿಡಿದು ಕೂರುವುದು ನನ್ನ ಉದ್ಯೋಗವಾಯಿತು. ಪಕ್ಕದಲ್ಲಿ ಅದೇ ಕಾಯಿಲೆಯ, ಅದೇ ಭಂಗಿಯ ಭಟ್ಕಳದ ಬಟ್ಟೆ ವ್ಯಾಪಾರಿ. ಅವರು ಊರಲ್ಲಿ, ನೆಂಟರ ಮದುವೆಗೆ ಹೋಗುತ್ತೇನೆ ಎಂದು ಹೇಳಿ ಬಂದಿದ್ದರಂತೆ. ಮದುವೆ ವಾರಗಟ್ಟಲೆ ನಡೆಯುತ್ತಿತ್ತು.

ಬಾಡಿಗೆ ಕೋಣೆಯಲ್ಲಿ ಜೊತೆಗಿದ್ದ ಹೆಂಡತಿ, ನಾನು ಸೊರಗಿದೆನೆಂದು ಮರುಗಿ, ಒಂದು ರಾತ್ರಿ ಊಟಕ್ಕೆ ಹಲಸಿನ ಬೀಜದ ಹುಳಿ ಮಾಡಿದಳು. ನಾನು ಎರಡು ಸಲ ಬಡಿಸಿಕೊಂಡೆ. ಮರುದಿನ ಸ್ಕ್ಯಾನ್ ಆದದ್ದೇ, ಟೆಕ್ನಿಶಿಯನ್ ಹುಡುಗಿ ಬಂದು ಮೆಲ್ಲಗೆ ಹೇಳಿದಳು: "ಅಂಕಲ್, ಒಳಗೆ ಗ್ಯಾಸ್ ತುಂಬಿದೆ. ಹೀಗಿದ್ದರೆ ಕರೆಂಟ್ ಕೊಡಲಿಕ್ಕೆ ಆಗುವುದಿಲ್ಲ. ಸ್ವಲ್ಪ ಓಡಾಡಿ ಬನ್ನಿ."

ಕೋಟಿಗಟ್ಟಲೆ ಬೆಲೆಯ ಯಂತ್ರವೂ ಅದರ ಕೃತಕ ಬುದ್ಧಿಯೂ ನನ್ನದೊಂದು ಹೂಸಿಗಾಗಿ ಕಾದು ಕುಳಿತವು. ಗಾಳಿ ಹೋಗಬೇಕು, ನೀರು ಹೋಗಬಾರದು! ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆದೆ. ವ್ಯಾಪಾರಿಯೂ ಜೊತೆಗೆ ಎದ್ದು ಬಂದರು.

"ಎಂತ ಮಾಸ್ತರ್ರೇ, ಪರೀಕ್ಷೆ ಕಷ್ಟವಾ?"

ಸಂಗತಿ ಹೇಳಿದೆ. ಅವರು ಗಂಭೀರವಾಗಿ, "ನಾಚಿಕೆ ಮಾಡ್ಕೊಬೇಡಿ. ನಾನು ಆಚೆ ನೋಡ್ತೇನೆ," ಎಂದು ಗೋಡೆಗೆ ಮುಖ ಮಾಡಿ ನಿಂತರು. ಆ ಬೆನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ. ನೀರು ತುಂಬಿದ ಹೊಟ್ಟೆಯಲ್ಲಿ ನಗುವುದೆಂದರೇನೆಂದು ಮರುಕ್ಷಣವೇ ತಿಳಿಯಿತು. ಇಬ್ಬರೂ ಶೌಚಾಲಯಕ್ಕೆ ಓಡಿದೆವು. ಗಾಳಿಯೂ ಹೋಯಿತು, ನೀರೂ ಹೋಯಿತು, ಸರದಿಯೂ ಹೋಯಿತು.

ಮತ್ತೆ ಬಾಟಲಿ ಹಿಡಿದು ಬೆಂಚಿಗೆ ಬಂದೆವು. ನೀರು ಗುಟುಕರಿಸುತ್ತ ಅವರು ಕೇಳಿದರು, "ಹೆದರಿಕೆ ಆಗ್ತದಾ ನಿಮಗೆ?"

"ಆಗ್ತದೆ," ಎಂದೆ. ಕಾಯಿಲೆ ಗೊತ್ತಾದಂದಿನಿಂದ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ನನಗೂ," ಎಂದರು.

ಸಂಜೆ ಹೆಂಡತಿಗೂ ಹೇಳಿದೆ. ಅವಳು ಕಣ್ಣೊರೆಸಿಕೊಂಡು, "ನಂಗೂ ಹೆದ್ರಿಕೆ ಆಗ್ತು," ಎಂದಳು. ಆಮೇಲೆ ಅಕ್ಕಿ ತೊಳೆಯಲು ಎದ್ದಳು. ಅಂದಿನಿಂದ ಗಂಜಿ.

ಚಿಕಿತ್ಸೆ ಮುಗಿಯಿತು. ಮುಂದಿನ ರಕ್ತಪರೀಕ್ಷೆ ನೋಡಿ ಡಾಕ್ಟರು, ಕ್ಯಾನ್ಸರ್ ತೋರಿಸುವ ಅಂಕಿ ಅಂದುಕೊಂಡಂತೆ ಇಳಿದಿದೆ ಎಂದರು. ವ್ಯಾಪಾರಿಯೂ ಗುಣವಾಗಿದ್ದಾರೆ. ಅವರ ಮೊಮ್ಮಗಳ ನಿಜವಾದ ಮದುವೆಗೆ ನಾನೂ ಹೆಂಡತಿಯೂ ಭಟ್ಕಳಕ್ಕೆ ಹೋಗಿ ಬಂದೆವು.