ಈಳಿಗೆಯ ಮೇಲಿನ ಮೀನು

ನಮ್ಮ ಮನೆಯ ಈಳಿಗೆಯ ಅಲಗಿನ ಮೇಲೆ ಒಂದು ಮೀನು ಇತ್ತು ಎಂದು ನಾನು ಹೇಳಿದರೆ, ಓದುಗರೇ, ದಯವಿಟ್ಟು ಅರ್ಧದಷ್ಟು ಮಾತ್ರ ನಂಬಿ. ಮೀನು ನಿಜವಾಗಿ ಇತ್ತೋ, ಇದ್ದಿದ್ದರೆ ಚೆನ್ನಾಗಿತ್ತು ಎಂದು ನಾನು ಆಮೇಲೆ ಬಯಸಿದೆನೋ, ಈಗ ಖಚಿತವಾಗಿ ಹೇಳಲಾರೆ. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನ ದಿನಗಳಿಂದಲೂ ಇದೆ. ಅದರಿಂದ ನನ್ನ ನೆನಪೇನೂ ಸುಧಾರಿಸಿಲ್ಲ; ತಪ್ಪು ನೆನಪುಗಳಿಗೆ ದಾಖಲೆಯ ಗಾಂಭೀರ್ಯ ಬಂದಿದೆ, ಅಷ್ಟೇ.

ಈ ಯೋಚನೆ ಹುಟ್ಟಿದ್ದು ಒಂದು ಸ್ಟೀಲ್ ಲೋಟದಿಂದ. ವಡೋದರಾದ ಫತೇಗಂಜ್‌ನಲ್ಲಿ, ವಿಶ್ವವಿದ್ಯಾಲಯದ ಹುಡುಗಿಯರು ತುಂಬಿರುವ ಓಣಿಯೊಂದರಲ್ಲಿ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನಿದ್ದೇನೆ. ಒಂದು ಬೆಳಗ್ಗೆ ಚಹಾ ಕುಡಿಯುತ್ತ ಲೋಟದ ಕಂಠದ ಮೇಲೆ ಕೊರೆದಿದ್ದ ಹೆಸರನ್ನು ಓದಿದೆ. ಅದು ನನ್ನ ಹೆಸರಲ್ಲ, ನನಗೆ ಗೊತ್ತಿರುವ ಯಾರ ಹೆಸರೂ ಅಲ್ಲ. ಯಾವುದೋ ಮದುವೆಯಲ್ಲಿ ಯಾರಿಗೋ ಉಡುಗೊರೆಯಾದ ಲೋಟವೊಂದು ಇನ್ನಾವುದೋ ಸತ್ಯನಾರಾಯಣ ಪೂಜೆಯ ಗದ್ದಲದಲ್ಲಿ ದಾರಿತಪ್ಪಿ ನಮ್ಮ ವಂಶಕ್ಕೆ ಸೇರಿದೆ. ಪಾತ್ರೆಗಳ ವಿಷಯದಲ್ಲಿ ನಮ್ಮ ಜನರದ್ದು ಅಪಾರ ಸ್ವಾಮಿತ್ವಪ್ರಜ್ಞೆ: ಕೊಟ್ಟವರ ಹೆಸರು, ತೆಗೆದುಕೊಂಡವರ ಹೆಸರು, ಸಂದರ್ಭದ ಹೆಸರು, ಹೆಸರಿನ ಮುಂದೆ ‘ಸೌ.’ ಎಂಬ ಸೌಭಾಗ್ಯ. ಇಷ್ಟೆಲ್ಲ ಕೊರೆಸುವ ನಾವು, ಅದನ್ನು ಮಾಡಿದವನು ಯಾರು ಎಂದು ಮಾತ್ರ ಎಂದೂ ಕೇಳಿದವರಲ್ಲ.

ಈಳಿಗೆಯ ರೀತಿಯೇ ಬೇರೆ. ಅದರ ಮೇಲೆ ಯಜಮಾನಿಯ ಹೆಸರಿರುವುದಿಲ್ಲ, ಕಮ್ಮಾರನ ಗುರುತಿರುತ್ತದೆ. ಅಲಗು ಕೆಂಪಗೆ ಕಾದಿರುವಾಗಲೇ, ಮಣೆಗೆ ಸೇರುವ ಬುಡದ ಹತ್ತಿರ, ಅಚ್ಚಿಟ್ಟು ಸುತ್ತಿಗೆಯಿಂದ ಒಂದು ಏಟು. ಒಬ್ಬನದು ಎಲೆ, ಒಬ್ಬನದು ಹೂವು, ಇನ್ನೊಬ್ಬನದು ಬರೀ ಮೂರು ಚುಕ್ಕೆ. ಇತಿಹಾಸದಲ್ಲಿ ಎಂ.ಎ. ಮಾಡಿ, ಬೇಲೂರಿನ ಶಿಲ್ಪಿಗಳು ಮೂರ್ತಿಯ ಪೀಠದಲ್ಲಿ ಹೆಸರು ಕೆತ್ತಿಕೊಂಡದ್ದರ ಬಗ್ಗೆ ತರಗತಿಯಲ್ಲಿ ಗಂಟೆಗಟ್ಟಲೆ ಮಾತನಾಡುವ ನಾನು, ಅವ್ವ ದಿನವೂ ಬದನೆಕಾಯಿ ಹೆಚ್ಚುತ್ತಿದ್ದ ಅಲಗಿನ ಅಂಕಿತವನ್ನು ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ. ವಚನಕಾರರು ಕೊನೆಯ ಸಾಲಿನಲ್ಲಿ ಅಂಕಿತವಿಟ್ಟು ಸರಿದುಬಿಡುತ್ತಾರಲ್ಲ, ಕಮ್ಮಾರನೂ ಹಾಗೆಯೇ. ವ್ಯತ್ಯಾಸವೆಂದರೆ ವಚನಕ್ಕೆ ಆಮೇಲೆ ಯಾರೂ ಸಾಣೆ ಹಿಡಿಸುವುದಿಲ್ಲ.

ಈಗ ಕಥೆಗೆ ಬರುತ್ತೇನೆ. ನನ್ನ ಅವ್ವನ ತವರು ಗದಗಿನ ಹತ್ತಿರದ ಒಂದು ಊರು. ಅವ್ವನ ಮದುವೆ ಗೊತ್ತಾದಾಗ ಅಜ್ಜ ತಾನೇ ಕಂಬಾರ ಕಾಳಪ್ಪನ ಕುಲುಮೆಯ ಮುಂದೆ ದಿನವಿಡೀ ಕೂತು, ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಾದ ಕಬ್ಬಿಣ ಕೊಟ್ಟು, ಮಗಳಿಗೆ ಈಳಿಗೆ ಮಾಡಿಸಿದನಂತೆ. ಕೆಲವು ವರ್ಷಗಳ ನಂತರ ಚಿಗವ್ವನ, ಅಂದರೆ ಅವ್ವನ ತಂಗಿಯ, ಮದುವೆಯಾಗುವ ಹೊತ್ತಿಗೆ ಅಜ್ಜ ತೀರಿಕೊಂಡಿದ್ದ. ಅವಳಿಗೆ ಈಳಿಗೆ ತಂದುಕೊಟ್ಟವನು ನನ್ನ ಸೋದರಮಾವ. ಅದೇ ಕುಲುಮೆ, ಆದರೆ ಕಾಳಪ್ಪನೂ ಹೋಗಿ ಮಗ ಕೂತಿದ್ದ. ನೋಡಲು ಎರಡೂ ಅವಳಿ ಜವಳಿ. ಒಂದರ ಹಿಂದೆ ಅಪ್ಪ ಇದ್ದ, ಇನ್ನೊಂದರ ಹಿಂದೆ ಅಣ್ಣ. ಈ ಭೇದ ಕಬ್ಬಿಣಕ್ಕೆ ಗೊತ್ತಿರಲಿಲ್ಲ; ಚಿಗವ್ವನಿಗೆ ಚೆನ್ನಾಗಿ ಗೊತ್ತಿತ್ತು.

ನನ್ನ ಅಪ್ಪನ ನೌಕರಿ ಅವ್ವನನ್ನೂ ಅವಳ ಈಳಿಗೆಯನ್ನೂ ಅಹಮದಾಬಾದಿನ ಚಾಂದ್‌ಖೇಡಾಕ್ಕೆ ತಂದಿತು. ಚಿಗವ್ವನ ಗಂಡ ಸೂರತ್ತಿನ ಪಾಂಡೇಸರಾದ ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿಗೆ ಮೇಲ್ವಿಚಾರಕನಾಗಿ ಹೋದ. ಅವರು ಸೂರತ್ತಿನಲ್ಲಿ ಫ್ಲ್ಯಾಟು ಕೊಂಡಾಗ ಗೃಹಪ್ರವೇಶದ ಅಡುಗೆಗೆ ಕೈ ಕಡಿಮೆ, ಅಲಗು ಇನ್ನೂ ಕಡಿಮೆ ಎಂದು ಅವ್ವ ತನ್ನ ಈಳಿಗೆಯನ್ನೇ ರೈಲಿನಲ್ಲಿ ಹೊತ್ತುಕೊಂಡು ಹೋದಳು. ಅದಲುಬದಲಾಗದಿರಲಿ ಎಂದು ಮಣೆಯ ಮೇಲೆ ಉಗುರುಬಣ್ಣದ ಕೆಂಪು ಬೊಟ್ಟು ಇಟ್ಟಳು. ಇದನ್ನು ನೋಡಿ ಚಿಗವ್ವ, ‘ಎಷ್ಟು ಶಾಣ್ಯಾಕಿ ನಮ್ಮಕ್ಕ’ ಎಂದು ಹೊಗಳಿ, ಅದೇ ಬಾಟಲಿ ಇಸಿದುಕೊಂಡು ತನ್ನದಕ್ಕೂ ಅಂಥದೇ ಒಂದು ಕೆಂಪು ಬೊಟ್ಟು ಇಟ್ಟಳು. ಹೋಳಿಗೆ ಊಟವಾಯಿತು, ಎಣಗಾಯಿಯಾಯಿತು, ಪಾತ್ರೆಗಳು ತೊಳೆದಾದವು, ಎಲ್ಲರೂ ತಂತಮ್ಮ ಊರಿಗೆ ಹೋದರು. ಯಾವ ಈಳಿಗೆ ಯಾವ ಊರಿಗೆ ಹೋಯಿತು ಎಂಬುದು ಅಂದಿನಿಂದಲೂ ನಮ್ಮ ಕುಟುಂಬದ ಗಡಿವಿವಾದ.

ವಿವಾದ ಹಬ್ಬಹರಿದಿನಗಳಲ್ಲಿ ಮಾತ್ರ ತಲೆಯೆತ್ತಿ ಮಲಗುತ್ತಿತ್ತು. ಹೋದ ಚಳಿಗಾಲದಲ್ಲಿ ಅದು ಎದ್ದು ಕೂತಿತು. ಮೊಣಕಾಲು ನೋವಿನಿಂದ ನೆಲಕ್ಕೆ ಕೂರಲಾರದೆ ಅವ್ವ ತನ್ನ ಈಳಿಗೆಯನ್ನು ನನಗೆ ಕೊಡುವುದೆಂದು ತೀರ್ಮಾನಿಸಿ, ಆ ಸುದ್ದಿಯನ್ನು ಜಂಬದಿಂದ ಸೂರತ್ತಿಗೆ ತಿಳಿಸಿದಳು. ಫೋನು ಸ್ಪೀಕರಿನಲ್ಲಿತ್ತು.

“ಅಕ್ಕಾ, ಯಾರ ಈಳಿಗಿ ಯಾರಿಗೆ ಕೊಡಾಕತ್ತಿ? ಅದು ನಂದೈತಿ, ಅಣ್ಣ ತಂದಿದ್ದು! ಅಪ್ಪ ಮಾಡಿಸಿದ್ದು ಇಲ್ಲೆ ನನ್ನ ಮನ್ಯಾಗೈತಿ.”

“ನಿನ್ನ ಮನ್ಯಾಗಿಂದು ನಿಂದು, ನನ್ನ ಮನ್ಯಾಗಿಂದು ನಂದು.”

“ಹಂಗಂದ್ರ ನಮ್ಮ ಮನ್ಯವರ ಛತ್ರಿ ಹೋದ ಮಳಿಗಾಲದಿಂದ ನಿಮ್ಮ ಮನ್ಯಾಗೈತಿ. ಅದೂ ನಿಂದೇನು?”

ಅವ್ವ ಛತ್ರಿಯ ಪ್ರಶ್ನೆಗೆ ಉತ್ತರಿಸಲಿಲ್ಲ. ಉತ್ತರಿಸದಿರುವುದು ಅವ್ವನ ಹಳೆಯ ಕಲೆ. ಚಾಕುವಾದರೆ ತರಕಾರಿ ಇದ್ದಲ್ಲಿಗೆ ತಾನೇ ಹೋಗುತ್ತದೆ. ಈಳಿಗೆ ಕೂತಲ್ಲಿಂದ ಕದಲುವುದಿಲ್ಲ, ಕುಂಬಳಕಾಯಿಯಂಥ ಕುಂಬಳಕಾಯಿಯೂ ಅದರ ಸನ್ನಿಧಿಗೆ ಬರಬೇಕು. ಅವ್ವ ಈಳಿಗೆಯ ಜಾತಿ.

ಇತಿಹಾಸದ ವಿದ್ಯಾರ್ಥಿನಿ ಸುಮ್ಮನಿರುವುದುಂಟೇ! ನಾನು ಊರಿಗೆ ಫೋನು ಮಾಡಿ ಸೋದರಮಾವನನ್ನು ವಿಚಾರಿಸಿದೆ. ಅವನು ಹೇಳಿದ್ದನ್ನು ಕೇಳಿ ನನಗೆ ತಾಮ್ರಶಾಸನ ಸಿಕ್ಕಷ್ಟು ಸಂತೋಷವಾಯಿತು. ಕಾಳಪ್ಪನ ಗುರುತು ಮೀನು. ಅವನು ತೀರಿದಾಗ ಮಗ ಆ ಅಚ್ಚನ್ನು ಅಪ್ಪನ ಜೊತೆಯಲ್ಲೇ ಮಣ್ಣು ಮಾಡಿದ. ಅಪ್ಪನ ಕೈಯ ಗುರುತನ್ನು ತನ್ನ ಕೆಲಸದ ಮೇಲೆ ಹೊಡೆಯಬಾರದು ಎಂದು, ತನಗಾಗಿ ಅರ್ಧಚಂದ್ರದ ಬೇರೆ ಅಚ್ಚು ಮಾಡಿಕೊಂಡ. ಅಂದಮೇಲೆ ತೀರ್ಪು ಬಲು ಸುಲಭ: ಮೀನಿದ್ದದ್ದು ಅಜ್ಜ ಮಾಡಿಸಿದ್ದು, ಚಂದ್ರನಿದ್ದದ್ದು ಮಾವ ತಂದದ್ದು. ನಾವೆಲ್ಲ ನಮ್ಮ ಕೆಂಪು ಬೊಟ್ಟನ್ನೇ ಹುಡುಕುತ್ತಿದ್ದೆವು. ಮಾಡಿದವನು ಉತ್ತರವನ್ನು ಮೊದಲೇ ಬರೆದಿಟ್ಟಿದ್ದ.

ಸೂರತ್ತಿನ ಈಳಿಗೆ ಸಾಕ್ಷಿಕಟ್ಟೆಯಲ್ಲೇ ಕೈಕೊಟ್ಟಿತು. ಅಲ್ಲಿನ ಉಪ್ಪುಗಾಳಿಗೆ ಬುಡವೆಲ್ಲ ತುಕ್ಕು ತಿಂದು, ಚಿಗವ್ವ ಕಳಿಸಿದ ಫೋಟೋದಲ್ಲಿ ಒಂದು ಬಾಗಿದ ಗೆರೆ ಮಾತ್ರ ಕಾಣುತ್ತಿತ್ತು. ಬಾಲ ಸವೆದ ಮೀನು ಅರ್ಧಚಂದ್ರನಂತೆಯೇ ಇರುತ್ತದೆ ಎಂಬ ಸತ್ಯ ಯಾವ ವಿಶ್ವವಿದ್ಯಾಲಯದಲ್ಲೂ ನನಗೆ ಕಲಿಸಿರಲಿಲ್ಲ. ಉಳಿದದ್ದು ಚಾಂದ್‌ಖೇಡಾದ ಈಳಿಗೆ. ಅದರ ಗುರುತಿನ ಫೋಟೋ ಕಳಿಸೆಂದು ಅವ್ವನನ್ನು ಕೇಳಿದೆ. ಮೊದಲು ಅಡುಗೆಮನೆಯ ಫ್ಯಾನು ಬಂತು. ಆಮೇಲೆ ಈಳಿಗೆ ಬಂತು, ಆದರೆ ಗುರುತಿನ ಜಾಗದ ಮೇಲೆ ಸರಿಯಾಗಿ ಅವ್ವನ ಹೆಬ್ಬೆರಳು. ಅವ್ವ ತೆಗೆದ ಎಲ್ಲ ಫೋಟೋಗಳಲ್ಲೂ ಹೆಬ್ಬೆರಳು ಇದ್ದೇ ಇರುವುದರಿಂದ ನಾನು ಅನುಮಾನಪಡಲಿಲ್ಲ.

ಕೊನೆಗೆ ಚಿಗವ್ವನೇ ತನ್ನ ಈಳಿಗೆಯನ್ನು ಹಳೆಯ ಲುಂಗಿಯಲ್ಲಿ ಸುತ್ತಿಕೊಂಡು ರೈಲು ಹತ್ತಿದಳು. ನಾನೂ ವಡೋದರಾದಲ್ಲಿ ಅದೇ ಡಬ್ಬಿ ಸೇರಿದೆ. ಅಹಮದಾಬಾದಿನಲ್ಲಿ ಇಳಿದು ಮೆಟ್ರೋಗೆ ಹೋದರೆ, ತಪಾಸಣೆಯ ಯಂತ್ರದ ಪರದೆಯ ಮೇಲೆ ನಮ್ಮ ವಂಶದ ಆಸ್ತಿ ಬಾಗಿದ ಖಡ್ಗದಂತೆ ಮೂಡಿತು. ಕಾವಲಿನ ಹುಡುಗಿ ಗಾಬರಿಯಿಂದ, “ಮಾಜೀ, ಯೆ ಕ್ಯಾ ಹೈ?” ಎಂದಳು. ಚಿಗವ್ವ ರೆಪ್ಪೆ ಮಿಟುಕಿಸದೆ, “ಪೂಜಾ ಕಾ ಸಾಮಾನ್ ಹೈ ಬೇಟಾ” ಎಂದಳು. ಯಾವ ದೇವರಿಗೆ ಎಂದು ಆಕೆ ಕೇಳಲಿಲ್ಲ, ಒಳಗೂ ಬಿಡಲಿಲ್ಲ. ರಿಕ್ಷಾದಲ್ಲಿ ಚಾಂದ್‌ಖೇಡಾದವರೆಗೂ ಚಿಗವ್ವ ಈಳಿಗೆಯನ್ನು ಮಡಿಲಲ್ಲಿ ಮಗುವಿನಂತೆ ಇಟ್ಟುಕೊಂಡಿದ್ದಳು. ಸಾಬರಮತಿ ದಾಟುವಾಗ ಮಾತ್ರ, ನನ್ನ ಕಡೆ ನೋಡದೆ, “ನನ್ನ ಮದಿವಿಗೆ ಅಪ್ಪ ಇರಲಿಲ್ಲಲ್ಲ” ಎಂದಳು. ನಾನು ಜಾರುತ್ತಿದ್ದ ಲುಂಗಿಯ ಅಂಚನ್ನು ಅಲಗಿನ ಮೇಲೆ ಎಳೆದು ಮುಚ್ಚಿದೆ.

ಅವ್ವ ಬಾಗಿಲು ತೆರೆದಳು. ಚಿಗವ್ವ ಚಪ್ಪಲಿ ಬಿಟ್ಟವಳೇ ನೇರ ಅಡುಗೆಮನೆಗೆ ಹೋದಳು, ನಾನು ಭೂತಗನ್ನಡಿ ಹಿಡಿದು ಹಿಂದೆ ಹೋದೆ. (ಹೌದು, ಭೂತಗನ್ನಡಿ. ಕೊಂಡು ತಂದಿದ್ದೆ.) ಮೂಲೆಯಲ್ಲಿ ಈಳಿಗೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅಲಗಿನ ತುದಿಯಿಂದ ಬುಡದವರೆಗೆ ಎಲ್ಲಿಯೂ ಒಂದು ಗೀರಿಲ್ಲ, ಮೀನಿಲ್ಲ, ಚಂದ್ರನಿಲ್ಲ. ಭೂತಗನ್ನಡಿಯಲ್ಲಿ ಕಂಡದ್ದು ನನ್ನದೇ ಮೂಗು.

“ಧಾರ ಹೋಗಿತ್ತು,” ಎಂದಳು ಅವ್ವ. “ಮಗಳಿಗೆ ಮೊಂಡ ಈಳಿಗಿ ಹೆಂಗ ಕೊಡ್ಲಿ? ನಿನ್ನೆ ಸಾಣಿಯಂವ ಬಂದಿದ್ದ, ಕೊಟ್ಟೆ. ಅಂವ ಹಿಂಗ ತಿಕ್ಕಿಟ್ಟಾನ.”

“ಇಷ್ಟು ವರ್ಷ ಹೋಗದಿದ್ದ ಧಾರ, ನಾ ಬರೂ ಹಿಂದಿನ ದಿನಾನ ಹೋತೇನು?”

“ಬದನಿಕಾಯಿ ಹೆಚ್ಚು. ಹೊತ್ತಾತು.”

ಚಿಗವ್ವ ಸಿಟ್ಟಿನಲ್ಲಿ ತನ್ನ ಈಳಿಗೆಯನ್ನೇ ಬಿಚ್ಚಿ, ಕೂತು, ಬದನೆಕಾಯಿಯನ್ನು ಅದಕ್ಕೆ ಒಡ್ಡಿದಳು. ತುಕ್ಕು ಬುಡಕ್ಕಷ್ಟೇ ಇತ್ತು. ಬಾಯಿ ಚೆನ್ನಾಗಿಯೇ ಇತ್ತು. ಬದನೆಕಾಯಿ ಸದ್ದಿಲ್ಲದೆ ಹೋಳಾಯಿತು. ಅವಳ ಮುಖವೇ ಬದಲಾಯಿತು. “ನೋಡಕ್ಕಾ, ಹೆಂಗ ಹೋಳಾತು! ನಿಂದರ ಮ್ಯಾಲೆ ಏನಾರ ಐತೇನು ಈಗ? ಇಲ್ಲಲ್ಲ? ಹಂಗಾರ ಇದು ಅಪ್ಪಂದ. ಅಲ್ಲ ಅನ್ನೋರು ಯಾರು?”

ಅವ್ವ ಸ್ಟೂಲಿನ ಮೇಲೆ ಕೂತು ಶೇಂಗಾ ಆರಿಸುತ್ತಿದ್ದಳು. ತಲೆಯೆತ್ತದೆ, “ಇರಬಹುದು” ಎಂದಳು.

ನನ್ನ ತಿಳಿವಳಿಕೆಯಂತೆ ಅವ್ವ ಜನ್ಮದಲ್ಲಿ ತಂಗಿಗೆ ಆಡಿದ ಮೊದಲ ‘ಇರಬಹುದು’ ಅದು. ಚಿಗವ್ವನೂ ಬೆಚ್ಚಿರಬೇಕು, ಮುಂದಿನ ಬದನೆಕಾಯಿ ತುಸು ಸೊಟ್ಟಗೆ ಹೋಳಾಯಿತು. ಸಂಜೆ ಅವಳು ಹೊರಟಾಗ, ಬರುವಾಗ ಲುಂಗಿಯಲ್ಲಿ ಬಂದಿದ್ದ ಈಳಿಗೆ ಅವ್ವ ಉಡಿ ತುಂಬಿದ ಹೊಸ ಖಣದಲ್ಲಿ ಸುತ್ತಿಸಿಕೊಂಡು ಹೋಯಿತು. ಛತ್ರಿ ಇನ್ನೂ ನಮ್ಮಲ್ಲೇ ಇದೆ.

ಅವಳನ್ನು ರಿಕ್ಷಾ ಹತ್ತಿಸಿ ತಿರುಗಿದಾಗ ಸೊಸೈಟಿಯ ಗೇಟಿನ ಹತ್ತಿರ ಸಾಣೆಯವನು ಸೈಕಲ್ಲು ನಿಲ್ಲಿಸಿದ್ದ. ನಾನು ಇತಿಹಾಸಕಾರ್ತಿಯ ರೋಷದಿಂದ, ಗುರುತನ್ನು ಏಕೆ ಅಳಿಸಿದೆಯಪ್ಪಾ ಎಂದು ನನ್ನ ಹರಕು ಗುಜರಾತಿಯಲ್ಲಿ ಕೇಳಿದೆ. ಯಾವ ಗುರುತು ಎಂಬುದು ಪಾಪ ಅವನಿಗೆ ಗೊತ್ತೇ ಇರಲಿಲ್ಲ. ಹೊಗಳುತ್ತಿದ್ದೇನೆಂದು ತಿಳಿದು ಹಲ್ಲುಕಿರಿದ. “ಬಾಏ ಜ ಕಹ್ಯುಂ, ಬಧು ಚಮ್ಕಾವಿ ದೋ!” ಬಾ, ಅಂದರೆ ನಮ್ಮವ್ವನೇ ಹೇಳಿದ್ದು, ಎಲ್ಲ ಹೊಳೆಯುವಂತೆ ಮಾಡಿಕೊಡು ಎಂದು. ಪಕ್ಕದಲ್ಲೇ ನಿಂತು ಮಾಡಿಸಿದರು ಎಂದೂ ಸೇರಿಸಿದ.

ಅಂದಿನಿಂದ ನಾನು ಈ ಲೆಕ್ಕ ಬಿಡಿಸುತ್ತಿದ್ದೇನೆ. ಅಲ್ಲಿ ಮೀನಿದ್ದಿದ್ದರೆ, ಅವ್ವ ತನ್ನ ಅಪ್ಪನನ್ನು ತಂಗಿಗೆ ಬಿಟ್ಟುಕೊಟ್ಟಳು. ಚಂದ್ರನಿದ್ದಿದ್ದರೆ, ತಂಗಿಯ ಪಾಲಿನದನ್ನು ಇಷ್ಟು ವರ್ಷ ಬಳಸಿದವಳು ತನಗಾಗಿ ಒಂದು ಅನುಮಾನವನ್ನಾದರೂ ಉಳಿಸಿಕೊಂಡಳು. ಎರಡೂ ಅವ್ವನಿಗೆ ಒಪ್ಪುತ್ತವೆ ಎಂಬುದೇ ನನ್ನ ಕಷ್ಟ. ಕಾಳಪ್ಪ ಅಚ್ಚು ಹೊಡೆದದ್ದು ಇದನ್ನು ಮಾಡಿದವನು ನಾನು, ಕೆಟ್ಟರೆ ನನ್ನ ಬಳಿ ತನ್ನಿ ಎಂದು ಹೇಳುವುದಕ್ಕೆ. ಅಕ್ಕತಂಗಿಯರು ಅದನ್ನು ತಮ್ಮ ಅಪ್ಪನ ಸಹಿ ಎಂದು ಓದಿಕೊಂಡರು. ಪಾಪ, ಒಂದು ಸಣ್ಣ ಮೀನು ಎಷ್ಟು ಹೊತ್ತೀತು?

ಈಳಿಗೆ ಈಗ ಫತೇಗಂಜ್‌ನಲ್ಲಿದೆ. ಕಬ್ಬಿಣವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ಅವ್ವ ಅದನ್ನು ನೆಲದ ಮೇಲೆ ಇಟ್ಟಳು, ನಾನು ಎತ್ತಿಕೊಂಡೆ. ಯಾರದೋ ಹೆಸರಿನ ಲೋಟವನ್ನು ಪಕ್ಕದಲ್ಲಿಟ್ಟುಕೊಂಡು ಭಾನುವಾರ ಹೆಚ್ಚಲು ಕೂತಾಗ, ಬುಡದ ಮೇಲೆ ಬೆರಳಾಡಿಸುತ್ತೇನೆ. ಕಣ್ಣಿಗೆ ಕಾಣದ ಒಂದು ತಗ್ಗು ಅಲ್ಲಿದೆ. ಬೆರಳಿಗೆ ಅದು ಒಂದು ವಾರ ಮೀನು, ಇನ್ನೊಂದು ವಾರ ಚಂದ್ರ. ಬೆರಳಿನ ನೆನಪೂ ನನ್ನ ನೆನಪಿನಂಥದೇ. ಮೊನ್ನೆ ಫೋನಿನಲ್ಲಿ ಅವ್ವ ಎಣಗಾಯಿಗೆ ಎಳ್ಳು ಎಷ್ಟು ಹಾಕಬೇಕೆಂದು ಹೇಳುತ್ತಿದ್ದಳು. ಮಾತು ಮುಗಿಯುವವರೆಗೆ ತಡೆದು, ಕೇಳಿಯೇಬಿಟ್ಟೆ. ಆ ಕಡೆ ಶೇಂಗಾದ ಪಾತ್ರೆಯ ಸದ್ದು ಒಂದು ಕ್ಷಣ ನಿಂತಿತು, ಮತ್ತೆ ಶುರುವಾಯಿತು. ಈಳಿಗೆ ಕೂತಲ್ಲೇ ಕೂತಿದೆ. ಪ್ರಶ್ನೆ ಇನ್ನೂ ಅದರ ಮುಂದೆಯೇ ಇದೆ:

“ಅವ್ವಾ, ಒರಸೂಕಿಂತ ಮೊದಲ ಅಲ್ಲೆ ಏನಿತ್ತು?”