ಟೆನರ್ ಸಾಲಿನ ಆಂಟಿ

ಕಳೆದ ವಾರ ಚಿಕಾಗೋ ಹತ್ತಿರದ ಎಲ್ಕ್ ಗ್ರೋವ್ ವಿಲೇಜ್‌ನ ನಮ್ಮ ಆಫೀಸಿನಲ್ಲಿ ಪಕ್ಕದ ಸೀಟಿನವಳು ಗಂಟಲು ಕೆರೆತಕ್ಕೆಂದು ಜ್ಯೇಷ್ಠಮಧುವಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡಳು. ಆ ಸಿಹಿ ವಾಸನೆ ಬಂದದ್ದೇ ತಡ, ನಾನು ಮತ್ತೆ ಹಿಂದೆ ವಾಸವಿದ್ದ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ, ಪಕ್ಕದ ಮನೆ ಆಂಟಿಯ ಕಾರಿನಲ್ಲಿದ್ದೆ...

ಆಂಟಿ ಅರಸೀಕೆರೆಯವರು, ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಐದು ಹೊತ್ತಿನ ನಮಾಜು ತಪ್ಪಿಸುತ್ತಿರಲಿಲ್ಲ. ಮಂಗಳವಾರದ ಕಾಯರ್ ಅಂದರೆ ಗಾಯಕವೃಂದದ ಅಭ್ಯಾಸವನ್ನೂ ತಪ್ಪಿಸುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಕಲಿಸಿದ್ದ ಇಂಗ್ಲೆಂಡಿನ ಹಳೆಯ ಸಮೂಹಗಾನ ಅವರನ್ನು ಹಿಡಿದುಬಿಟ್ಟಿತ್ತು. ವಾದ್ಯವೇ ಇಲ್ಲದೆ ನಾಲ್ಕು ದನಿಗಳು ಒಂದರ ಹಿಂದೊಂದು ಬಂದು ಹೆಣೆದುಕೊಳ್ಳುವ ಸಂಗೀತ ಅದು. ಹೆಂಗಸರಲ್ಲಿ ತಗ್ಗಿನ ದನಿಯವರದು ಆಲ್ಟೋ ಸಾಲು, ಗಂಡಸರಲ್ಲಿ ಮೇಲಿನ ದನಿಯವರದು ಟೆನರ್. ಆಂಟಿ ಇಪ್ಪತ್ತು ವರ್ಷ ಆಲ್ಟೋ ಹಾಡಿದ್ದರು. ಪರಿಚಯದವರೊಬ್ಬರು ಚರ್ಚಿನ ಹಾಡು ನಿಮಗ್ಯಾಕೆ ಅಂತ ಕೇಳಿದ್ದಕ್ಕೆ, ಒಂದು ಹಾಡಿಗೆ ಅಲ್ಲಾಡುವಷ್ಟು ಸಡಿಲವಾಗಿಲ್ಲ ನನ್ನ ನಂಬಿಕೆ ಅಂದಿದ್ದರಂತೆ.

ಆಮೇಲೆ ಥೈರಾಯ್ಡ್ ಕ್ಯಾನ್ಸರ್ ಬಂತು. ಆಪರೇಷನ್ನಿನ ನಂತರ ದನಿ ಗಡಸಾಗಿ ಕೆಳಗಿಳಿಯಿತು. ಅಂಕಲ್ ತೀರಿಕೊಂಡಿದ್ದರು, ಮಗಳು ಬೇರೆ ಸ್ಟೇಟಿನಲ್ಲಿದ್ದಳು. ಕತ್ತು ತಿರುಗಿಸಲಾಗದ ಆಂಟಿಯನ್ನು ಅವರದೇ ಕಾರಿನಲ್ಲಿ ಅಭ್ಯಾಸಕ್ಕೆ ಕರೆದೊಯ್ಯುವ ಕೆಲಸ ನನ್ನದಾಯಿತು.

ಮೊದಲ ದಿನವೇ ನಿರ್ದೇಶಕರು ಅವರನ್ನು ಪಕ್ಕಕ್ಕೆ ಕರೆದರು. ಒಳ್ಳೆಯ ಮನುಷ್ಯ. ಈ ಸಲ ಹಾಡುವುದು ಬೇಡ, ಬಾಗಿಲಲ್ಲಿ ನಿಂತು ಬಂದವರಿಗೆ ಪ್ರೋಗ್ರಾಂ ಹಾಳೆ ಹಂಚಿ, ನೀವು ನಮ್ಮ ಜೊತೆಗಿದ್ದರೆ ಸಾಕು ಅಂದರು. ನನಗೂ ಅದು ಸರಿಯೆನಿಸಿತ್ತು. ಕಾರಿನಲ್ಲಿ ರೆಸ್ಟ್ ತಗೊಳ್ಳಿ ಆಂಟಿ ಅಂದೆ. ಅವರು ಜ್ಯೇಷ್ಠಮಧುವಿನ ಚೂರೊಂದನ್ನು ತೆಗೆದು ಬಾಯಿಗೆ ಹಾಕಿಕೊಂಡರು.

"ನನ್ನ ದನಿ ಇಳಿದಿದೆ ಕಣಮ್ಮ," ಅಂದರು ಆಮೇಲೆ. "ಹೋಗಿಲ್ಲ."

ಮರುದಿನ ಅವರ ಅಡುಗೆಮನೆಗೆ ಹೋದರೆ, ಸ್ವರಪುಸ್ತಕ ಹರಡಿಕೊಂಡು ಟೆನರ್ ಸಾಲಿಗೆ ಹಳದಿ ಗುರುತು ಹಾಕುತ್ತಿದ್ದರು. ಆ ಸಲ ಹಾಡಬೇಕಿದ್ದ ಕೃತಿ ಬರೆದವನು ನಾನೂರು ವರ್ಷಗಳ ಹಿಂದಿನವನಂತೆ. ಇಂಗ್ಲೆಂಡಿನ ರಾಣಿಯ ಆಸ್ಥಾನದಲ್ಲೇ ಹಾಡುಗಾರ, ಆದರೆ ಅವನ ಪಂಥದ ಪ್ರಾರ್ಥನೆಗೆ ದೇಶದಲ್ಲಿ ನಿಷೇಧ. ತನ್ನವರು ಮನೆಗಳೊಳಗೆ ಗುಟ್ಟಾಗಿ ಹಾಡಿಕೊಳ್ಳಲೆಂದು ಅವನು ಬರೆದದ್ದು ಅದು. ಕಥೆ ಹೇಳಿ ಮುಗಿಸಿ ಆಂಟಿ ಪೆನ್ನು ಕೆಳಗಿಟ್ಟರು.

"ಬೇಡ ಅಂದವರ ಕಣ್ಣೆದುರೇ ಕೂತು ಬರೆದಿದ್ದಾನೆ. ನಾನು ಪ್ರೋಗ್ರಾಂ ಹಂಚಬೇಕಾ?"

ಆರು ವಾರ ಸಾಧನೆ ಮಾಡಿದರು. ಜ್ಯೇಷ್ಠಮಧು ಅಗಿಯುತ್ತಾ ಕಾರಿನಲ್ಲೂ ಗುನುಗುತ್ತಿದ್ದರು. ಏಳನೆಯ ಮಂಗಳವಾರ ಸೀದಾ ಹೋಗಿ ಗಂಡಸರ ಸಾಲಿನಲ್ಲಿ ನಿಂತರು. ಯಾರೋ ನಕ್ಕರು. ನಿರ್ದೇಶಕರು, ನೀವೊಬ್ಬರೇ ಹಾಡಿ ತೋರಿಸಿ ಅಂದರು. ಎರಡು ಸಲ ನಡುವೆ ದನಿ ಒಡೆಯಿತು. ಮೂರನೆಯ ಸಲ ಕೊನೆಯವರೆಗೆ ಒಡೆಯದೆ ನಿಂತಿತು. ನಿರ್ದೇಶಕರು ಕುರ್ಚಿಯೊಂದನ್ನು ತಾವೇ ಎತ್ತಿ ತಂದು ಟೆನರ್ ಸಾಲಿನ ಕೊನೆಗೆ ಹಾಕಿದರು.

ಕಾರ್ಯಕ್ರಮದ ದಿನ ಕಪ್ಪು ಸ್ಕಾರ್ಫ್ ಕಟ್ಟಿಕೊಂಡು, ಎತ್ತರದ ಇಬ್ಬರು ಮುದುಕರ ಪಕ್ಕ ಆಂಟಿ ನಿಂತಿದ್ದರು. ಒಂದು ಕಡೆ ದನಿ ಒಡೆದದ್ದು ಕೊನೆಯ ಬೆಂಚಿನಲ್ಲಿದ್ದ ನನಗೂ ಕೇಳಿಸಿತು. ಅವರು ನಿಲ್ಲಿಸಲಿಲ್ಲ. ಮನೆಗೆ ಬರುವಾಗ ಅವರೇ ವಿಷಯ ತೆಗೆದರು.

"ಒಡೆದಿದ್ದು ಗೊತ್ತಾಯ್ತಾ?"

ಹೂಂ ಅಂದೆ.

"ಒಡೀಲಿ ಬಿಡು. ಮುಂದಿನ ಸ್ವರ ಕಾಯ್ತಾ ಇತ್ತಲ್ಲ."

ಇನ್ನೂ ಎರಡು ವರ್ಷ ಅವರು ಟೆನರ್ ಹಾಡಿದರು. ಅಷ್ಟರಲ್ಲಿ ನಾನು ಚಿಕಾಗೋ ಕಡೆ ಬಂದೆ. ಕಾಯಿಲೆ ಮರುಕಳಿಸಿದ್ದನ್ನು ಅವರು ಹೇಳಲೇ ಇಲ್ಲ. ಸಾವಿನ ಸುದ್ದಿ ತಿಳಿದು ಐದು ಗಂಟೆ ಡ್ರೈವ್ ಮಾಡಿಕೊಂಡು ಹೋಗುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಅಮ್ಮನ ಹಾಡಿನ ರೆಕಾರ್ಡಿಂಗ್ ಏನಾದರೂ ಇದೆಯಾ ಅಂತ ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ನನ್ನ ಫೋನಿನಲ್ಲಿ ಒಂದು ತುಣುಕೂ ಇರಲಿಲ್ಲ...

ಜ್ಯೇಷ್ಠಮಧುವಿನ ವಾಸನೆ ಬಂದ ದಿನ ಆ ಕಾಯರ್‌ನ ವೆಬ್‌ಸೈಟ್ ತೆರೆದು ನೋಡಿದೆ. ಅಗಲಿದ ಸದಸ್ಯರ ಪಟ್ಟಿಯಲ್ಲಿ ಆಂಟಿಯ ಹೆಸರಿತ್ತು, ಮುಂದೆ 'ಆಲ್ಟೋ' ಎಂದಿತ್ತು. ತಿದ್ದಿ ಎಂದು ಬರೆದೆ. ಸದಸ್ಯತ್ವದ ಫಾರಂನಲ್ಲಿ ಹಾಗೇ ಇದೆ, ಬದಲಿಸಲು ಬರುವುದಿಲ್ಲ ಎಂಬ ಉತ್ತರ ಬಂತು. ನಿನ್ನೆ ಮತ್ತೆ ಬರೆದೆ. ಅವರು ತಿದ್ದುವವರೆಗೂ ಬರೆಯುತ್ತಿರುತ್ತೇನೆ. ಆ ಪಟ್ಟಿಯಿಂದ ಆಂಟಿಯನ್ನು ಆಚೆ ತರುವುದು ನನ್ನ ಕೈಯಲ್ಲಿಲ್ಲ. ಆದರೆ ಅವರು ಟೆನರ್.